ಸ್ಕೋಪ್ ಲೆನ್ಸು, ಐದು ಕಲ್ಲು

ಲಕ್ಷ್ಮೇಶ್ವರದ ಬಜಾರದಲ್ಲಿ ಒಂದು ಗೊಬ್ಬರದ ಅಂಗಡಿಯಿದೆ. ಅದರ ಮಾಳಿಗೆಯ ಮೇಲೆ ಮಲ್ಲುವಿನ ಸ್ಟುಡಿಯೋ. ಮದುವೆ, ಕುಬಸ, ಜವಳ, ಶಾಲೆಯ ಗ್ಯಾದರಿಂಗು, ಯಾವುದಕ್ಕೆ ಕರೆದರೂ ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುತ್ತಾನೆ. ನಾನು ಶಿರಹಟ್ಟಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವನು, ಹೆಸರು ರಾಮಚಂದ್ರ. ಮಲ್ಲು ನನ್ನ ವಿದ್ಯಾರ್ಥಿ. ಹೊಳೆದಂಡೆಯ ಹಳ್ಳಿಯಿಂದ ಬಂದು, ಶಿರಹಟ್ಟಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಕಲಿಯುತ್ತಿದ್ದ. ಬೆಳಕಿನ ಪಾಠದ ಪರೀಕ್ಷೆಯಲ್ಲಿ ಇಪ್ಪತ್ತೈದಕ್ಕೆ ನಾಲ್ಕು ತೆಗೆದಿದ್ದ. ಅಂಥವನು ಇಪ್ಪತ್ತೆರಡು ವರ್ಷಗಳಿಂದ ಬೆಳಕನ್ನೇ ನಂಬಿ ಸಂಸಾರ ನಡೆಸುತ್ತಿದ್ದಾನೆ. ನಾನು ಕಲಿಸಿದ್ದರಲ್ಲಿ ತಪ್ಪಿತ್ತೋ, ಕೊಟ್ಟ ಅಂಕದಲ್ಲಿ ತಪ್ಪಿತ್ತೋ, ಈಗ ಕೇಳಿ ಪ್ರಯೋಜನವಿಲ್ಲ.

ನನಗೊಂದು ಕೆಟ್ಟ ಚಾಳಿಯಿದೆ. ಯಾವುದನ್ನು ಕಂಡರೂ ಬಿಡಿಸಿ ಹೇಳಬೇಕು. "ಯಾರರೆ ಅಳಲಿಕ್ಕೆ ಕೂತ್ರೂ ಕಣ್ಣೀರಾಗ ಉಪ್ಪು ಎಷ್ಟದ ಅಂತ ಹೇಳಲಿಕ್ಕೆ ಹೋಗತೀರಿ ನೀವು," ಎಂದು ನನ್ನ ಹೆಂಡತಿ ತುಳಸಾಬಾಯಿ ಬೈಯುತ್ತಾಳೆ. ಅವಳು ಹೇಳುವುದು ಖರೆ. ನಿವೃತ್ತಿಯ ಮೇಲೆ ಲಕ್ಷ್ಮೇಶ್ವರಕ್ಕೆ ಬಂದು ನೆಲೆಸಿದ ನಾನು ದಿನಾ ಸಂಜೆ ಮಲ್ಲುವಿನ ಸ್ಟುಡಿಯೋ ಹತ್ತುವುದು ಅದಕ್ಕೇ. ಅವನು ಚಹಾ ತರಿಸುತ್ತಾನೆ, ನಾನು ವಿವರಣೆ ಕೊಡುತ್ತೇನೆ, ಅವನು ಒಂದು ಮಾತನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮಲ್ಲುವಿಗೆ ಇದ್ದದ್ದು ಒಂದೇ ಹುಚ್ಚು. ತಾನು ತೆಗೆದದ್ದು ಸಿನಿಮಾದ ಹಾಗೆ ಕಾಣಬೇಕು.

"ಸರ, ಮದುವಿ ವಿಡಿಯೋದಾಗ ಎಲ್ಲಾನೂ ಕಾಣತೈತ್ರಿ. ಸಿನಿಮಾದಾಗ ಬೇಕಾದ್ದಷ್ಟ ಕಾಣತೈತಿ. ಉಳದದ್ದು ನಾವ ನೆನಸ್ಕೋತೀವಿ," ಎಂದಿದ್ದ ಒಮ್ಮೆ. ಇಪ್ಪತ್ತೈದಕ್ಕೆ ನಾಲ್ಕು ತೆಗೆದವನ ಬಾಯಲ್ಲಿ ಇಂಥ ಮಾತು ಬಂದದ್ದು ಕೇಳಿ ನನಗೆ ಸಿಟ್ಟೇ ಬಂತು.

ಸಿನಿಮಾದವರು ಬಳಸುವ ಲೆನ್ಸು ಕೊಳ್ಳುವ ಮಾತು ದೂರವೇ ಉಳಿಯಿತು. ಅವನು ರೀಲಿನ ಕಾಲದ ಕ್ಯಾಮೆರಾಗಳ ಹಳೆಯ ಲೆನ್ಸು ಹುಡುಕಿಕೊಂಡು ಅಲೆದ. ಅವುಗಳ ತಿರುಪು ಈಗಿನ ಕ್ಯಾಮೆರಾಕ್ಕೆ ಕೂಡುವುದಿಲ್ಲ, ನಡುವೆ ಒಂದು ಬಳೆ ಬೇಕು. ಅದಕ್ಕೆ ಅಡಾಪ್ಟರ್ ಎನ್ನುತ್ತಾರೆ. ಅದನ್ನು ತರಿಸಿ, ಹಾಕಿ, ಲೆನ್ಸಿನ ಮುಂದೆ ತೆಳ್ಳನೆಯ ಜಾಳಿಗೆ ಬಟ್ಟೆ ಕಟ್ಟಿ, ಸಾಲದೆಂದು ಗಾಜಿನ ಅಂಚಿಗೆ ವ್ಯಾಸಲೀನು ಸವರಿ ಸೊರಟೂರಿನ ಒಂದು ಮದುವೆ ತೆಗೆದ. ಹುಡುಗಿಯ ಅಜ್ಜ ವಿಡಿಯೋ ನೋಡಿ, "ನಮ್ಮ ಮದುವ್ಯಾಗ ಇಷ್ಟು ಹೊಗಿ ಎಲ್ಲಿಂದ ಬಂತೋ ತಮ್ಮಾ? ಒಲಿ ಹೊರಗ ಹೂಡಿದ್ವಲ್ಲ!" ಎಂದು ಕೇಳಿದನಂತೆ. ಹರ್ತಿಯ ಮದುವೆಯಲ್ಲಿ ಇನ್ನೂ ಫಜೀತಿ. ಮದುಮಕ್ಕಳಿಬ್ಬರು ಮಾತ್ರ ಸ್ಪಷ್ಟ, ಹಿಂದೆ ಸಾಲಾಗಿ ನಿಂತ ಬೀಗರೆಲ್ಲ ಬಣ್ಣಬಣ್ಣದ ಮುದ್ದೆ.

"ನಾ ಎಲ್ಲಿ ಅದೀನಿ?" ಎಂದರು ಹುಡುಗನ ಕಾಕಾ.

"ಹಿಂದ ಅದೀರ್ರಿ. ಬ್ಲರ್ ಆಗೀರಿ."

"ಜರತಾರಿ ಪಟಗಾ ಸುತಗೊಂಡು ಮೂರು ತಾಸು ನಿಂತೇನಲೇ! ಅಳಿಸಿ ಹಾಕಿಯಲ್ಲ ನನ್ನ!"

ಇಷ್ಟೆಲ್ಲ ಆದರೂ ಮಲ್ಲು ಬಿಡಲಿಲ್ಲ. ನಾಲ್ಕು ವರ್ಷದ ಹಿಂದೆ, ಎಂದೋ ಬಾಗಿಲು ಹಾಕಿದ ಬೆಟಗೇರಿಯ ಒಂದು ಟಾಕೀಸಿನ ಸಾಮಾನು ಗುಜರಿಗೆ ಬಂದಿದೆ ಎಂಬ ಖಬರು ಸಿಕ್ಕಿತು. ಓಡಿಹೋಗಿ, ಸಿನಿಮಾಸ್ಕೋಪ್ ಚಿತ್ರ ತೋರಿಸಲು ಪ್ರೊಜೆಕ್ಟರಿಗೆ ಹಾಕುವ ಸ್ಕೋಪ್ ಲೆನ್ಸು ತಂದ. ಹಿತ್ತಾಳೆಯ ಮೈ, ತೂಕ ಎರಡು ತೆಂಗಿನಕಾಯಿಯಷ್ಟು. ಕ್ಯಾಮೆರಾದ ಲೆನ್ಸಿನ ಮುಂದೆ ಇದನ್ನು ಕೂಡಿಸುವ ಬಳೆ ಯಾವ ಅಂಗಡಿಯಲ್ಲೂ ಸಿಗದು. ಬೆಟಗೇರಿಯಲ್ಲಿ ಲೇಥ್ ಇಟ್ಟುಕೊಂಡಿರುವ ಅಲ್ಲಾಉದ್ದೀನ ಪಂಪ್‌ಸೆಟ್ಟಿನ ಕೆಲಸ ಬದಿಗಿಟ್ಟು ಮೂರು ಸಲ ಕಡೆದು ಕೂಡಿಸಿಕೊಟ್ಟ. "ಈ ಗಾಜಿನ್ಯಾಗಿಂದ ಬಂದ ಬೆಳಕಿನ್ಯಾಗ ನಾ ಎಷ್ಟು ಸಿನಿಮಾ ನೋಡೀನಿ ಗೊತ್ತೇನ್ ಮಲ್ಲು? ಜ್ವಾಕಿ ಮಾಡು," ಎಂದು ಲೆನ್ಸು ಒರೆಸಿ ಕೊಟ್ಟನಂತೆ. ಅವನ ಕಣ್ಣು ಒದ್ದೆಯಾಗಿತ್ತೆಂದು ಮಲ್ಲು ಹೇಳಿದ.

ಈ ಲೆನ್ಸಿನ ಕೆಲಸ ಹೇಳಬೇಕು, ಮುಂದೆ ಅದು ಬೇಕಾಗುತ್ತದೆ. ಅಗಲವಾದ ನೋಟವನ್ನು ಇದು ಎರಡೂ ಪಕ್ಕದಿಂದ ಹಿಂಡಿ ಅರ್ಧ ಮಾಡುತ್ತದೆ. ಎತ್ತರ ಹಾಗೇ ಉಳಿಯುತ್ತದೆ. ಹಾಗಾಗಿ ತೆಗೆಯುವಾಗ ಕ್ಯಾಮೆರಾದ ಪರದೆಯ ಮೇಲೆ ಎಲ್ಲವೂ ತೆಳ್ಳಗೆ, ಉದ್ದಕ್ಕೆ, ಸೆಟೆದು ನಿಂತ ಹಾಗೆ ಕಾಣುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಅಗಲ ಮಾಡಿದರೆ ಟಾಕೀಸಿನ ದೊಡ್ಡ ಪರದೆಯ ನೋಟ. ಕೊನೆಗೆ ಗದಗಿನಲ್ಲಿ ಅಂಗಡಿ ಮುಚ್ಚುತ್ತಿದ್ದ ಒಬ್ಬ ಫೋಟೋಗ್ರಾಫರನಿಂದ ಈ ಲೆನ್ಸಿನ ಬಾಯಿಗೆ ಸರಿಹೊಂದುವ ಒಂದು ಕಪ್ಪು ಫಿಲ್ಟರನ್ನೂ ತಂದ. ಬಿಸಿಲು ಕಡಿಮೆ ಮಾಡಲು ಎಂದು ಹೇಳುತ್ತಿದ್ದ. ನಾನು ಅದನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ. ಅಂದೇ ನೋಡಿದ್ದರೆ ಮೂರು ವರ್ಷ ಉಳಿಯುತ್ತಿತ್ತು.

ಇದೆಲ್ಲ ಸರಂಜಾಮು ಯಾರ ಮದುವೆಗೂ ಅಲ್ಲ ಎಂಬುದು ನನಗೆ ತಿಳಿದದ್ದು ತಡವಾಗಿ. ಅವನಿಗೆ ತನ್ನ ಅವ್ವನ ಎಳ್ಳಮಾಸಿಯನ್ನು ಸಿನಿಮಾ ಮಾಡಬೇಕಿತ್ತು.

ಅವ್ವ ಶಾರದವ್ವ. ಎಪ್ಪತ್ತೊಂಬತ್ತು ವರ್ಷ, ಒಂದು ಕಣ್ಣಿನ ಪೊರೆ ತೆಗೆಸಿದೆ. ಅವರ ಹೊಲ ಹಮ್ಮಿಗಿಯ ಆಚೆ, ಹೊಳೆಯ ದಂಡೆಗಿತ್ತು. ಹೊಳೆಗೆ ಅಡ್ಡ ಒಡ್ಡು ಕಟ್ಟಿ ನೀರು ನಿಂತ ಮೇಲೆ ಹೊಲ ಅದರೊಳಗೆ ಹೋಯಿತು. ಅದಾಗಿ ಹನ್ನೆರಡು ವರ್ಷ. ಎಳ್ಳು ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿಗಿಡದ ಕೆಳಗೆ ಐದು ಕಲ್ಲಿಟ್ಟು, ಪಾಂಡವರೆಂದು ಸುಣ್ಣ ಹಚ್ಚಿ ಪೂಜೆ ಮಾಡುತ್ತಾರೆ. ಆಮೇಲೆ ಮಾಡಿಕೊಂಡು ಹೋದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ತುಂಬ ಬೀರುತ್ತಾರೆ. ಅದೇ ಚರಗ. ಭೂಮಿತಾಯಿ ಬಸುರಿ, ಅವಳು ಮೊದಲು ಉಣ್ಣಬೇಕು. ಮನುಷ್ಯರು ಉಣ್ಣುವುದು ಆಮೇಲೆ.

ಮಲ್ಲುವಿನ ಅಪ್ಪ ಹುಚ್ಚೀರಪ್ಪ ಇದರಲ್ಲಿ ಬಲು ಕಟ್ಟುನಿಟ್ಟು. ಪ್ರತಿ ವರ್ಷ ಹೊಸ ಕಲ್ಲು ಹುಡುಕುವುದು ಬೇಡವೆಂದು ಐದು ಬಿಳಿ ಬೆಣಚುಕಲ್ಲು ಆರಿಸಿ, ಹೊಲದ ಮೇಲಿನ ಅಂಚಿನಲ್ಲಿ ಗಾರೆಯ ಸಣ್ಣ ಕಟ್ಟೆ ಕಟ್ಟಿ ಕೂಡಿಸಿದ್ದ. ಕಟ್ಟೆಯ ಮುಂದೆ ಒಡೆದ ಬೀಸುಕಲ್ಲಿನ ಅರ್ಧ ಹುಗಿದಿದ್ದ. ಕಲ್ಲುಗಳಿಗೆ ಎಡೆಯಾಗಿ ಚರಗ ಮುಗಿಯುವವರೆಗೆ ಅವನು ಊಟಕ್ಕೆ ಕೂಡುತ್ತಿರಲಿಲ್ಲ. ಟೊಂಕದ ಮೇಲೆ ಕೈಯಿಟ್ಟು ನಿಂತೇ ಇರುತ್ತಿದ್ದ. ಹೊಲ ಮುಳುಗಿದ ಎರಡನೇ ವರ್ಷಕ್ಕೆ ತೀರಿಕೊಂಡ.

ಶಾರದವ್ವ ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ. ಎಳ್ಳಮಾಸಿಗೆ ಹೊಳೆದಂಡೆಗೆ ಹೋಗುವುದು, ದಾರಿಯಲ್ಲಿ ಸಿಕ್ಕ ಐದು ಕಲ್ಲಿಗೆ ಸುಣ್ಣ ಹಚ್ಚುವುದು, ದಂಡೆಯ ಮೇಲೆ ಉಳಿದ ಒಂದು ಬನ್ನಿಗಿಡವನ್ನು ಗುರುತು ಹಿಡಿದು ಅದರ ನೇರಕ್ಕೆ ನೀರಿನೊಳಗೆ ಚರಗ ಎಸೆಯುವುದು. ಮಲ್ಲು ಅದನ್ನು ಪ್ರತಿ ವರ್ಷವೂ ತೆಗೆದ. ಪ್ರತಿ ವರ್ಷವೂ ನಮ್ಮ ಮನೆಗೆ ಬಂದು, "ಬರಲಿಲ್ರಿ ಸರ, ನೀರು ಬರೇ ಬೆಳ್ಳಗ ಹೊಳಿತೈತಿ, ಏನೂ ಉಳಿಯಂಗಿಲ್ಲ," ಎಂದು ಕೊರಗುತ್ತಿದ್ದ.

ನಮ್ಮ ವಂಶಕ್ಕೆ ಹೊಲವೇ ಇರಲಿಲ್ಲ. ಅಪ್ಪ ಗುಡಿಯ ಪೂಜೆ, ನಾನು ಶಾಲೆ. ಕಳೆದುಕೊಳ್ಳಲಿಕ್ಕಾದರೂ ಒಂದು ತುಂಡು ನೆಲ ಇದ್ದಿದ್ದರೆ ಎಂದು ನನಗೆ ಆ ಮುದುಕಿಯನ್ನು ನೋಡಿದಾಗೆಲ್ಲ ಅನಿಸುತ್ತಿತ್ತು. ಹೊಟ್ಟೆಕಿಚ್ಚೆಂದರೂ ಸರಿಯೇ.

ಕಳೆದ ವರ್ಷ ದಸರಾ ಹೊತ್ತಿಗೆ ಶಾರದವ್ವ ಹಾಸಿಗೆ ಹಿಡಿದು, ಒಂದು ತಿಂಗಳಿಗೆ ಎದ್ದರು. ಎದ್ದವರು ನನ್ನನ್ನು ಮನೆಗೆ ಕರೆಸಿದರು.

"ಮಾಸ್ತರ, ನೀವು ಓದಿದವ್ರು. ನೀರಾಗ ಒಗದ ಚರಗ ಹೊಲಕ್ಕ ಮುಟ್ಟತೈತೇನ್ರಿ?"

"ಮುಟ್ಟತದ. ಅನ್ನ ನೀರಿಗಿಂತ ಭಾರ ಇರತದ, ತಳಕ್ಕ ಹೋಗತದ," ಎಂದೆ.

"ತಳಕ್ಕ ಹೋಗೂದು ನನಗೂ ಗೊತ್ತೈತ್ರಿ. ನಮ್ಮ ಹೊಲಕ್ಕ ಹೋಗತೈತೋ ಇಲ್ಲೋ? ಹನ್ನೆರಡು ವರ್ಷ ಆತು, ಒಮ್ಮೆನೂ ಕಾಣಲಿಲ್ಲ. ಇನ್ನೆಷ್ಟು ಎಳ್ಳಮಾಸಿ ಅದಾವ ನನಗ? ಅವನ ಕೈಯಾಗಿನ ಕಲ್ಲು ಒಮ್ಮೆ ಕಣ್ಣಿಗೆ ಬಿದ್ರ ಸಾಕಾಗಿತ್ತು." ಅವನು ಎಂದರೆ ಹುಚ್ಚೀರಪ್ಪ. ನಾನು ಚಹಾ ಕುಡಿದು ಎದ್ದು ಬಂದೆ.

ಎಳ್ಳಮಾಸಿಗೆ ನನ್ನನ್ನೂ ಕರೆದರು. ಬಾಡಿಗೆಯ ಓಮ್ನಿಯಲ್ಲಿ ಶಾರದವ್ವ, ಮಲ್ಲು, ಅವನ ಹೆಂಡತಿ ಶೀತಲ್, ನಾನು. ಶಿರಹಟ್ಟಿ ದಾಟಿದ ಮೇಲೆ ಎರಡೂ ಕಡೆ ಬಿಳಿಜೋಳ, ಕಡಲೆ, ಅಂಚಿಗೆ ಕುಸುಬೆ. ಎಲ್ಲ ಹೊಲಗಳಲ್ಲೂ ಜನ. ಬುಟ್ಟಿ ಹೊತ್ತವರು, ಜೋಕಾಲಿ ಕಟ್ಟುವವರು. ಶಾರದವ್ವ ಕಿಟಕಿಯಿಂದ ಒಂದೊಂದೇ ಹೊಲ ನೋಡುತ್ತ ಯಾರ ಬೆಳೆ ಹೇಗಿದೆ ಎಂದು ಹೇಳುತ್ತಿದ್ದರು. ಹಮ್ಮಿಗಿ ದಾಟಿದ ಮೇಲೆ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

ದಂಡೆಯಲ್ಲಿ ಪೂಜೆಯಾಯಿತು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ, ಕರಿಗಡುಬು, ಮೊಸರನ್ನ ಎಲ್ಲ ಕಲಸಿ ಬುಟ್ಟಿಗೆ ತುಂಬಿಕೊಂಡು ಶಾರದವ್ವ ಮೊಣಕಾಲುಮಟ್ಟ ನೀರಿಗಿಳಿದರು. ಬನ್ನಿಗಿಡದ ನೇರ ನೋಡಿಕೊಂಡು, "ಹುಲ್ಲುಲ್ಲಿಗೋ" ಎಂದು ಚರಗದ ಕೂಗು ಹಾಕುತ್ತ ಎಸೆದರು. ಹಿಂದಿನಿಂದ ನೀರು ಚಿಮುಕಿಸುವುದು ಪದ್ಧತಿ, ಹಾಗಾಗಿ ಶೀತಲ್ ತಂಬಿಗೆಯಿಂದ ಹೊಳೆಗೇ ನೀರು ಚಿಮುಕಿಸಿದಳು. ಯಾರಿಗೂ ನಗು ಬರಲಿಲ್ಲ. ಬುಟ್ಟಿ ಬರಿದಾಯಿತು. ಆಮೇಲೆ ನಾವು ಮೂವರು ಊಟಕ್ಕೆ ಕುಳಿತೆವು. ಮಲ್ಲು ಹಿಂದಿನ ದಿಬ್ಬದ ಮೇಲೆ ಸ್ಟ್ಯಾಂಡು ಹೂಡಿಕೊಂಡು ತೆಗೆಯುತ್ತಲೇ ಇದ್ದ.

"ಪ್ರತಿ ವರ್ಷ ಇದ ಹಣೆಬರ. ಎಲ್ಲಾರೂ ಉಂಡ್ರೂ ಇವಂದು ಉಳೀತೈತಿ," ಎಂದು ಶಾರದವ್ವ ಗೊಣಗಿದರು. ಶೀತಲ್ ಅವನ ಪಾಲನ್ನು ಮೊದಲೇ ಡಬ್ಬಿಗೆ ಹಾಕಿ ಪಕ್ಕಕ್ಕಿಟ್ಟಿದ್ದಳು.

ಊಟ ಮುಗಿಸಿ, ಕೈ ತೊಳೆದು, ಅವನನ್ನು ಕರೆಯಲು ದಿಬ್ಬ ಹತ್ತಿದೆ. ಅವನು ಪರದೆಯನ್ನು ನೋಡುತ್ತ ಅಳು ಮುಖ ಮಾಡಿಕೊಂಡಿದ್ದ. ನೀರು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಕಣ್ಣು ಲೆನ್ಸಿನ ಬಾಯಿಯ ಮೇಲೆ ಬಿತ್ತು. ಫಿಲ್ಟರಿನ ಸುತ್ತ ಕಪ್ಪು ಟೇಪು ಬಿಗಿಯಾಗಿ ಸುತ್ತಿತ್ತು.

"ಈ ಪಟ್ಟಿ ಯಾಕ ಹಚ್ಚೀಯೋ?"

"ಫಿಲ್ಟರ್ ಸಡ್ಲಾಗಿತ್ರಿ ಸರ. ಮುಂದಿನ ಬಳಿ ಸುಮ್ನ ಗರಗರ ತಿರಗತಿತ್ತು. ಹಳೇ ಮಾಲು. ಅದಕ್ಕ ಸುತ್ತಿ ಬಿಗದೀನಿ."

ಮೂವತ್ತೊಂದು ವರ್ಷದಲ್ಲಿ ನಾನು ಯಾವ ವಿದ್ಯಾರ್ಥಿಗೂ ಅಷ್ಟು ಜೋರಾಗಿ ಬೈದಿಲ್ಲ. "ಲೇ ಮಬ್ಬು, ಅದು ತಿರುಗಲಿಕ್ಕೇ ಇರೋದು! ಇದು ಬರೇ ಕಪ್ಪು ಗಾಜಲ್ಲ, ಪೋಲರೈಜರ್. ನೀರಿನ ಮ್ಯಾಲೆ ಬಿದ್ದು ಜಿಗಿದು ಬರೋ ಬೆಳಕು ಅಡ್ಡ ಅಲುಗ್ತಿರತದ. ಇದನ್ನ ಸರಿಯಾಗಿ ತಿರುವಿದ್ರ ಆ ಹೊಳಪು ನಿಂತು, ನೀರೊಳಗಿಂದ ಬರೋ ಬೆಳಕು ಉಳೀತದ. ಮೂರು ವರ್ಷ ಕಣ್ಣಿಗೆ ಪಟ್ಟಿ ಕಟಿಗೊಂಡು ಕೂತೀಯಲ್ಲೋ!"

ಬೈಯುತ್ತಲೇ ಟೇಪು ಕಿತ್ತೆ. ಬೆರಳಿಗೆ ಅಂಟು ಹತ್ತಿತು. ಫಿಲ್ಟರಿನ ಮುಂದಿನ ಬಳೆಯನ್ನು ನಿಧಾನವಾಗಿ ತಿರುವಿದೆ.

ಹೊಳೆಯ ಮೇಲೆ ಹಾಸಿದ್ದ ಬೆಳ್ಳನೆಯ ತಗಡನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಚಳಿಗಾಲದ ನೀರು, ಕೆಸರು ತಳ ಹಿಡಿದು ತಿಳಿಯಾಗಿತ್ತು. ಪರದೆಯ ಮೇಲೆ ತಳ ಕಂಡಿತು. ಮೊದಲು ಕಂಡದ್ದು ಆಗಷ್ಟೇ ಎಸೆದ ಚರಗ. ಅನ್ನ, ರೊಟ್ಟಿಯ ಚೂರು, ಅದಕ್ಕೆ ಮುತ್ತಿದ ಮೀನು. ಸುತ್ತ ಬರೀ ರಾಡಿ. ಮಲ್ಲು ಕ್ಯಾಮೆರಾವನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದ. ಕಲ್ಲಿನ ಒಂದು ಬದು ಬಂತು, ದಾಟಿತು. ಇನ್ನೂ ಎಡಕ್ಕೆ. ಸುಮಾರು ನಲವತ್ತು ಹೆಜ್ಜೆಯಾಚೆ ಅವನ ಕೈ ನಿಂತಿತು.

"ಸರ," ಎಂದ. ಪರದೆಗೆ ಬೆರಳಿಟ್ಟು ತೋರಿಸಿದ. ಅರ್ಧ ಬೀಸುಕಲ್ಲು, ಅದರ ಹಿಂದೆ ಕಟ್ಟೆ, ಕಟ್ಟೆಯ ಮೇಲೆ ಐದು ಬಿಳಿ ಕಲ್ಲು.

ಶಾರದವ್ವ ಶೀತಲ್‌ಳ ಭುಜ ಹಿಡಿದು ದಿಬ್ಬ ಹತ್ತಿ ಬಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ನಿಂತಾರಲ್ಲೋ ಮಲ್ಲು," ಎಂದರು. "ನಿಮ್ಮಪ್ಪ ಕುಂದ್ರಿಸಿದ್ದ. ಕುಂತವ್ರು ಎದ್ದು ನಿಂತಾರ."

ಸ್ಕೋಪ್ ಲೆನ್ಸಿನ ಹಿಂಡುವಿಕೆಯಲ್ಲಿ ಗುಂಡನೆಯ ಕಲ್ಲುಗಳು ಉದ್ದವಾಗಿ, ತೆಳ್ಳಗಾಗಿ, ಐದು ಮಂದಿ ಸಾಲಾಗಿ ನಿಂತ ಹಾಗೆ ಕಾಣುತ್ತಿದ್ದವು. ನನಗೆ ತಡೆಯಲಾಗಲಿಲ್ಲ. "ಅವ್ವಾರ, ಅದು ಲೆನ್ಸಿನ ಗುಣ. ಅಗಲ ಕಡಿಮಿ ಆಗಿ..."

"ಸುಮ್ಕಿರ್ರಿ ಮಾಸ್ತರ. ಹಸದವ್ರ ಮುಂದ ಪಾಠ ಹೇಳಬ್ಯಾಡ್ರಿ." ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಹನ್ನೆರಡು ವರ್ಷ ಹಾದಿ ನೋಡ್ಯಾರ. ಊಟ ಬರ್ಲಿಲ್ಲ ಅಂತ ಎದ್ದು ನಿಂತಾರ. ಹಂಗಾರ ನಾ ಒಗದದ್ದೆಲ್ಲಾ ಯಾರಿಗೆ ಹೋತೋ?"

ಮಲ್ಲು ಬದುವಿನ ಆಚೆ, ಚರಗ ಬಿದ್ದ ಕಡೆ ಕೈ ಮಾಡಿದ. "ಅಂದಪ್ಪ ಕಾಕಾನ ಹೊಲಕ್ಕ ಬೇ."

ಅಂದಪ್ಪ ಹುಚ್ಚೀರಪ್ಪನ ತಮ್ಮ. ನಡುವಿನ ಬದುವನ್ನು ಎರಡು ಮೊಳ ಸರಿಸಿದನೆಂಬ ಜಗಳದಲ್ಲಿ ಎರಡು ಮನೆಗೂ ಹದಿನೆಂಟು ವರ್ಷ ಮಾತಿರಲಿಲ್ಲ. ಅಣ್ಣನ ಮಣ್ಣಿಗೂ ಅವನು ಬರಲಿಲ್ಲ. ಈಗ ಅವನೂ ಇಲ್ಲ. ಶಾರದವ್ವ ನೆಲಕ್ಕೆ ಕುಸಿದು ಕುಳಿತರು. ಶಾಪ ಹಾಕುತ್ತಾರೆಂದು ನಾನು ಕಾದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಆತು ಬಿಡು. ಅವನ ಹೊಲಾನೂ ನೀರಾಗ ಐತಿ. ಅದಕ್ಕರ ಯಾರು ಉಣಸೋರಿದ್ರು," ಎಂದರು. ಮೊಣಕಾಲಿಗೆ ಕೈಯೂರಿ ಎದ್ದರು. "ಇವ್ರಿಗೇನು ಕೊಡ್ಲಿ?"

ಬುಟ್ಟಿ ಬರಿದಾಗಿತ್ತು. ಗಂಗಾಳಗಳಲ್ಲಿ ಉಳಿದದ್ದು ನಮ್ಮ ಎಂಜಲು. ಎಂಜಲನ್ನು ಚರಗಕ್ಕೆ ಹಾಕುವಂತಿಲ್ಲ. ಇನ್ನೊಂದು ಎಳ್ಳಮಾಸಿಗೆ ಒಂದು ವರ್ಷ. ಆ ಒಂದು ವರ್ಷದ ಲೆಕ್ಕ ಅಲ್ಲಿದ್ದ ಎಲ್ಲರ ತಲೆಗೂ ಬಂತು.

"ಮಲ್ಲು, ನೀ ಉಂಡೀ?" ಎಂದು ಶಾರದವ್ವ ಥಟ್ಟನೆ ಕೇಳಿದರು.

"ಇಲ್ಲ ಬೇ."

"ಕೈ ಹಚ್ಚೀಯೇನು ಡಬ್ಬಿಗೆ?"

"ಮುಚ್ಚಳಾನೂ ತಗದಿಲ್ಲ."

"ಚೊಲೋ ಮಾಡಿದಿ," ಎಂದರು. ಉಣ್ಣದೆ ಕ್ಯಾಮೆರಾ ಹಿಡಿದು ನಿಲ್ಲುತ್ತಾನೆಂದು ವರ್ಷವರ್ಷವೂ ಬೈದ ತಾಯಿ ಅಂದು ಅವನ ತಲೆ ಸವರಿದರು.

ಅವನ ಪಾಲು ಬುಟ್ಟಿಗೆ ಬಂತು. ಮಲ್ಲು ಪ್ಯಾಂಟು ಮಡಚಿ, ಅವ್ವನ ಟೊಂಕ ಬಳಸಿ ಹಿಡಿದು ನೀರಿಗಿಳಿದ. ಮೇಲೆ ಕ್ಯಾಮೆರಾದ ಹತ್ತಿರ ಉಳಿದವನು ನಾನು. ಕೆಳಗಿನವರಿಗೆ ಹೊಳಪಲ್ಲದೆ ಬೇರೆ ಏನೂ ಕಾಣದು. ನನಗೆ ಪರದೆಯ ಮೇಲೆ ಕಲ್ಲು ಕಾಣುತ್ತಿತ್ತು. "ಎಡಕ್ಕ ಬರ್ರಿ... ಇನ್ನೊಂದಿಷ್ಟು... ಸಾಕು! ಮುಂದ ಒಗೀರಿ," ಎಂದು ಕೂಗಿದೆ. ತರಗತಿಯಲ್ಲಿ ಕೂಗಿ ಕೂಗಿ ಕೆಟ್ಟ ನನ್ನ ಗಂಟಲು ಅಂದು ಸಾರ್ಥಕವಾಯಿತು.

"ಹುಲ್ಲುಲ್ಲಿಗೋ!" ಈ ಸಲ ಅವರ ದನಿ ಬೇರೆಯೇ ಇತ್ತು. ಅಂಗಳದಲ್ಲಿ ನಿಂತು ಒಳಗಿನವರನ್ನು ಹೆಸರು ಹಿಡಿದು ಕರೆದ ಹಾಗಿತ್ತು. ಮೊದಲ ಮುಷ್ಟಿ ಬೀಸುಕಲ್ಲಿನ ಮೇಲೆ ಬಿತ್ತು. ಎರಡನೆಯದು ಕಲ್ಲುಗಳ ನಡುವೆಯೇ ಇಳಿಯಿತು. ಪರದೆ ನನ್ನ ಕಣ್ಣಿಗೆ ಮಸುಕಾಯಿತು, ಲೆನ್ಸಿನದೇನೂ ತಪ್ಪಿರಲಿಲ್ಲ. ಮಲ್ಲು ಅಂದು ಲಕ್ಷ್ಮೇಶ್ವರಕ್ಕೆ ಬರುವವರೆಗೂ ಉಪವಾಸ.

ನಾಲ್ಕು ದಿನದ ಮೇಲೆ ಮಲ್ಲು ಅವ್ವನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಬಂದ. ಮೆಟ್ಟಿಲು ಹತ್ತಿದ ದಣಿವಿಗೆ ಅವರು ಕುರ್ಚಿಯಲ್ಲಿ ಕುಳಿತು ಒಂದು ತಂಬಿಗೆ ನೀರು ಕುಡಿದರು. ಅವನು ಆಗಲೇ ಕಂಪ್ಯೂಟರಿನಲ್ಲಿ ಚಿತ್ರವನ್ನು ಅಗಲ ಮಾಡಿ ಸರಿಪಡಿಸಿದ್ದ. ಟಾಕೀಸಿನ ಪರದೆಯಷ್ಟೇ ವಿಶಾಲವಾದ ನೋಟ, ತಿಳಿನೀರು, ಅಂಚಿನಲ್ಲಿ ಬಿಸಿಲಿಗೆ ಈ ಲೆನ್ಸು ಮೂಡಿಸಿದ ನೀಲಿ ಗೆರೆ. ಅವನು ಇಪ್ಪತ್ತೆರಡು ವರ್ಷ ಬೇಡಿದ್ದು ಕೊನೆಗೂ ಬಂದಿತ್ತು. ಚರಗ ಕಲ್ಲುಗಳ ಮೇಲೆ ಇಳಿಯುವ ಕಡೆಯಿಂದ ತೋರಿಸಿದ.

ಅಗಲ ಮಾಡಿದ್ದರಿಂದ ಕಲ್ಲುಗಳು ತಮ್ಮ ನಿಜವಾದ ಆಕಾರಕ್ಕೆ ಬಂದಿದ್ದವು. ಗುಂಡಗೆ, ಗಿಡ್ಡಗೆ, ಕಟ್ಟೆಯ ಮೇಲೆ ನೆಮ್ಮದಿಯಾಗಿ ಕುಳಿತಿದ್ದವು.

ಶಾರದವ್ವ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಅವರ ಕೈ ಪರದೆಯನ್ನು ಮುಟ್ಟಿತು.

"ಉಂಡ್ರು," ಎಂದರು. "ಉಂಡು ಕುಂತ್ರು ನೋಡು."

ಮಲ್ಲು ನನ್ನ ಕಡೆ ನೋಡಿದ. ಜೀವನದಲ್ಲಿ ಮೊದಲ ಸಲ ಅವನಿಗೆ ನನ್ನ ಪಾಠ ಪೂರಾ ಬರುತ್ತಿತ್ತು. "ಬೇ, ಅದು ಸ್ಕೋಪ್..." ಎಂದು ಶುರುಮಾಡಿದ. ನಾನು ಅವನ ಭುಜವನ್ನು ಗಟ್ಟಿಯಾಗಿ ಒತ್ತಿದೆ. ಅವನು ನಿಲ್ಲಿಸಿದ.

ಮುದುಕಿ ನಮ್ಮಿಬ್ಬರನ್ನೂ ಗಮನಿಸಲಿಲ್ಲ. ಆ ಐದನ್ನು ಇನ್ನಷ್ಟು ಹೊತ್ತು ನೋಡಿ, ಸೆರಗು ಸರಿಮಾಡಿಕೊಂಡು ಕುರ್ಚಿಗೆ ಒರಗಿದರು.

"ಇನ್ನ ನಿಮ್ಮಪ್ಪನೂ ಉಣ್ಣಾಕ ಕುಂತಿರತಾನ," ಎಂದರು.